ನಸುಕಿನಲ್ಲಿ ಅಳಿವೆಗೆ ಕಯಾಕ್ ಇಳಿಸಿ ಆರು ಗಂಟೆ ಕೆಸರಲ್ಲಿ ಕೂತೆ. ನಾನು ತಪ್ಪಿದ್ದು ಎಲ್ಲಿ?

ಕೆಸರುಕಾಲು:

ನಮಸ್ಕಾರ. ಇಲ್ಲಿ ಓದಿದ್ದು ಜಾಸ್ತಿ, ಬರೆಯುತ್ತಿರುವುದು ಇದೇ ಮೊದಲು. ನಗು ಬಂದರೆ ನಕ್ಕುಬಿಡಿ. ಆದರೆ ನಕ್ಕ ಮೇಲೆ ಒಂದು ಸಾಲು ಉತ್ತರ ಬರೆದು ಹೋಗಿ.

ನನ್ನದು ಹತ್ತು ಅಡಿಯ ಕಯಾಕ್. ಮೇಲೆ ಕೂರುವಂಥದ್ದು, ಒಳಗೆ ಕಾಲು ತೂರಿಸುವಂಥದ್ದಲ್ಲ. ಬೇರೆಯವರು ಬಳಸಿದ್ದನ್ನು ತಗೊಂಡೆ. ಮೂರು ತಿಂಗಳು ಕೆರೆಯಲ್ಲಿ ಓಡಿಸಿದೆ, ಅಲ್ಲೇ ಗಾಳವನ್ನೂ ಹಾಕಿದೆ. ಕೆರೆಯಲ್ಲಿ ನನಗೆ ಸಾಟಿ ಯಾರೂ ಇರಲಿಲ್ಲ, ಯಾಕೆಂದರೆ ಅಲ್ಲಿ ಬೇರೆ ಯಾರೂ ಇರಲಿಲ್ಲ. ಆ ಧೈರ್ಯದ ಮೇಲೆ ಹೋದ ಭಾನುವಾರ ಅಳಿವೆಗೆ ಇಳಿದೆ.

ಇಳಿದ ಜಾಗ ನದಿಯ ಬಾಯಿಂದ ಸುಮಾರು ಆರು ಕಿಲೋಮೀಟರ್ ಒಳಗೆ. ಅಮಾವಾಸ್ಯೆ ಕಳೆದು ಎರಡು ದಿನ. ಟೈಡ್ ಟೇಬಲ್ ನೋಡಿಕೊಂಡೇ ಹೋಗಿದ್ದೆ, ಅಷ್ಟೂ ದಡ್ಡನಲ್ಲ. ಉಬ್ಬರ 4:40ಕ್ಕೆ, ಇಳಿತ 10:55ಕ್ಕೆ ಅಂತ ಇತ್ತು. ನೀರು ತುಂಬಿರುವಾಗಲೇ ಹೊರಟರೆ ಕೆಸರು ತುಳಿಯದೆ ದೋಣಿ ಇಳಿಸಬಹುದು ಅನ್ನುವುದು ನನ್ನ ಲೆಕ್ಕ. ಕೆಸರಿನ ವಿಷಯ ಮುಂದೆ ಬರುತ್ತದೆ.

5:10ಕ್ಕೆ ನೀರಲ್ಲಿದ್ದೆ. ಕತ್ತಲು ಇನ್ನೂ ಹರಿದಿರಲಿಲ್ಲ. ಪ್ಯಾಡಲ್ ಅದ್ದಿದ ಕಡೆಯೆಲ್ಲ ನೀರು ನೀಲಿಯಾಗಿ ಮಿಣುಕಿತು. ಎತ್ತಿದರೆ ಅಲಗಿನ ತುದಿಯಿಂದ ಹನಿ ಹನಿಯಾಗಿ ಬೆಳಕು ಉದುರುತ್ತಿತ್ತು. ಕೈ ಅದ್ದಿ ಬೆರಳು ಆಡಿಸಿದೆ, ಐದು ಬೆರಳಿಗೂ ಬಾಲ ಬಂತು. ಹತ್ತು ನಿಮಿಷ ಮೀನು ಗೀನು ಎಲ್ಲ ಮರೆತು ಅದನ್ನೇ ಮಾಡುತ್ತ ಕೂತಿದ್ದೆ. ಫೋಟೊ ತೆಗೆಯಲು ನೋಡಿದರೆ ಬರೀ ಕಪ್ಪು.

ನೀರು ಅಲುಗುತ್ತಲೇ ಇರಲಿಲ್ಲ. ಟಾರ್ಚ್ ಬಿಟ್ಟು ನೋಡಿದೆ, ಒಂದು ಎಲೆ ಇದ್ದಲ್ಲೇ ತೇಲುತ್ತಿತ್ತು. ಟೇಬಲ್ ಪ್ರಕಾರ ನೀರು ಇಳಿಯಲು ಶುರುವಾಗಿ ಅರ್ಧ ಗಂಟೆ ಕಳೆದಿದೆ, ಇಲ್ಲಿ ಸುಳಿವೇ ಇಲ್ಲ. ಇಷ್ಟು ಒಳಗೆ ಇಳಿತದ ಜೋರು ಬರುವುದಿಲ್ಲ ಅಂದುಕೊಂಡು ಬಾಯಿಯ ಕಡೆಗೆ ಹೊರಟೆ.

ಆಮೇಲೆ ಒಂದೂವರೆ ಗಂಟೆ ನನ್ನ ಜೀವನದಲ್ಲೇ ಇಷ್ಟು ಚೆನ್ನಾಗಿ ಹುಟ್ಟು ಹಾಕಿರಲಿಲ್ಲ ಅನ್ನಿಸಿತು. ಎರಡು ಏಟು ಹಾಕಿದರೆ ದೋಣಿ ಜರ್ರನೆ ಹೋಗುತ್ತಿತ್ತು. ಕೆರೆಯಲ್ಲಿ ಮಾಡಿದ ಅಭ್ಯಾಸ ಫಲ ಕೊಟ್ಟಿತು ಅಂತ ಖುಷಿಪಟ್ಟೆ. ನನ್ನನ್ನು ಹೊತ್ತುಕೊಂಡು ಹೋಗುತ್ತಿದ್ದುದು ನೀರು ಅಂತ ಹೊಳೆಯಲೇ ಇಲ್ಲ.

ಏಳೂಕಾಲರ ಹೊತ್ತಿಗೆ ಒಂದು ತೋಡಿನ ಬಾಯಿ ಸಿಕ್ಕಿತು. ಅಲ್ಲಿ ಲಂಗರು ಹಾಕಿದೆ. ಹಗ್ಗವನ್ನು ಕೈಗೆ ಹತ್ತಿರ ಇದ್ದ ಪಕ್ಕದ ಹಿಡಿಕೆಗೆ ಕಟ್ಟಿದೆ. ಮೊದಲು ಎಲ್ಲ ಸರಿ ಇತ್ತು. ಒಂದು ಮೀಸೆ ಮೀನು ಸಿಕ್ಕಿತು, ಬಿಡಿಸಿ ಬಿಟ್ಟೆ. ಅರ್ಧ ಗಂಟೆಯೊಳಗೆ ನೀರಿನ ಸದ್ದು ಬದಲಾಯಿತು. ದೋಣಿಯ ಪಕ್ಕಕ್ಕೆ ಗುಳುಗುಳು ಅಂತ ಬಡಿಯಲು ಶುರುವಾಯಿತು. ದೋಣಿ ಅಡ್ಡ ತಿರುಗಿತು. ಹಗ್ಗ ಕಟ್ಟಿದ ಕಡೆ ಕೆಳಗೆ ಎಳೆಯುತ್ತಿದೆ, ಆ ಅಂಚಿನ ಮೇಲೆ ನೀರು ಒಳಗೆ ಬರುತ್ತಿದೆ. ಗಂಟು ಬಿಚ್ಚಲು ಹೋದರೆ ಕಲ್ಲಾಗಿದೆ. ಚಾಕು ಕಾರಿನಲ್ಲಿತ್ತು. ಹೌದು, ಕಾರಿನಲ್ಲಿ.

ಹೇಗೋ ಇನ್ನೊಂದು ಪಕ್ಕಕ್ಕೆ ವಾಲಿ, ಲಂಗರಿನ ಕಡೆಗೇ ಜೋರಾಗಿ ಹುಟ್ಟು ಹಾಕಿದೆ. ಹಗ್ಗ ಒಂದು ಕ್ಷಣ ಸಡಿಲವಾಯಿತು. ಗಂಟಿಗೆ ಉಗುರು ಹಾಕಿ ಬಿಚ್ಚಿ ಹಗ್ಗವನ್ನೇ ಬಿಟ್ಟುಬಿಟ್ಟೆ. ಲಂಗರು ಹೋಯಿತು. ಆ ಗಲಾಟೆಯಲ್ಲಿ ಗಾಳದ ಒಂದು ರಾಡೂ ಹೋಯಿತು.

ವಾಪಸ್ ತಿರುಗಿದೆ. ಪಕ್ಕದಲ್ಲಿ ಬಲೆ ಕಟ್ಟುವ ಒಂದು ಗೂಟ ಇತ್ತು, ತುದಿಯಲ್ಲಿ ಹರಿದ ನೀಲಿ ಪ್ಲಾಸ್ಟಿಕ್. ಇಪ್ಪತ್ತು ನಿಮಿಷ ಉಸಿರು ಕಟ್ಟಿ ಹುಟ್ಟು ಹಾಕಿದೆ. ತಲೆ ಎತ್ತಿ ನೋಡಿದರೆ ಅದೇ ಗೂಟ, ಅದೇ ನೀಲಿ ಪ್ಲಾಸ್ಟಿಕ್. ಭುಜ ಸೋತಿತು. ನದಿಯ ಬಾಯಿಯ ಕಡೆಯಿಂದ ಅಲೆ ಒಡೆಯುವ ಸದ್ದು ಕೇಳುತ್ತಿತ್ತು, ಆ ಕಡೆ ಹೋಗುವುದು ಬೇಡ ಅನ್ನುವಷ್ಟು ಬುದ್ಧಿ ಉಳಿದಿತ್ತು. ದಡಕ್ಕೆ ಸರಿದೆ. ದಡ ಅಂದರೆ ಕೆಸರು. 8:40ಕ್ಕೆ ದೋಣಿ ನೆಲ ಹಿಡಿಯಿತು. ಎಳೆಯೋಣ ಅಂತ ಒಂದು ಕಾಲು ಕೆಳಗಿಟ್ಟೆ, ಮೊಣಕಾಲಿನ ತನಕ ಹೋಯಿತು. ಚಪ್ಪಲಿ ಅಲ್ಲೇ ಉಳಿಯಿತು, ಕಾಲು ಮಾತ್ರ ವಾಪಸ್ ಬಂತು. ಸುಮ್ನೆ ದೋಣಿಯಲ್ಲೇ ಕೂತೆ.

ನೀರು ನನ್ನನ್ನು ಬಿಟ್ಟು ಹಿಂದೆ ಹಿಂದೆ ಹೋಯಿತು. ಹತ್ತು ಗಂಟೆಗೆ ನನ್ನ ಸುತ್ತ ಐವತ್ತು ಮೀಟರ್ ಕೆಸರು, ಅದರ ತುಂಬ ಏಡಿಗಳು. ಗಂಡು ಏಡಿಗಳು ಒಂದೇ ದೊಡ್ಡ ಕೊಂಬು ಎತ್ತಿ ಎತ್ತಿ ನನಗೆ ಸನ್ನೆ ಮಾಡುತ್ತಿದ್ದವು. ಅರ್ಧ ಲೀಟರ್ ನೀರು, 11 ಪರ್ಸೆಂಟ್ ಚಾರ್ಜ್, ಟೋಪಿ ಇಲ್ಲ. ಮನೆಗೆ ಫೋನ್ ಮಾಡಿ ಸ್ವಲ್ಪ ತಡವಾಗುತ್ತದೆ ಅಂದೆ. ದೋಣಿ ಮತ್ತೆ ತೇಲಿದ್ದು ಮಧ್ಯಾಹ್ನ 2:40ಕ್ಕೆ.

ಈಗ ನನ್ನ ಪ್ರಶ್ನೆ. ಟೇಬಲ್ ನೋಡಿಯೂ ಹೀಗಾಯಿತಲ್ಲ, ನೀವೆಲ್ಲ ಹೊರಡುವ ಹೊತ್ತು ಹೇಗೆ ಲೆಕ್ಕ ಹಾಕುತ್ತೀರಿ? ಲಂಗರು ಹೇಗೆ ಕಟ್ಟಬೇಕು? ಇನ್ನೊಂದು ಪ್ರಶ್ನೆ ನಾಚಿಕೆ ಬಿಟ್ಟು ಕೇಳುತ್ತೇನೆ, ಇಷ್ಟೆಲ್ಲ ಮಾಡಿ ಒಂದು ಮೀಸೆ ಮೀನು ಮಾತ್ರ ಯಾಕೆ?

ಹಳೇ ಹುಟ್ಟು:

ಮೊದಲು ಒಂದು ಮಾತು. ಕೆಸರಲ್ಲಿ ದೋಣಿ ಬಿಟ್ಟು ಇಳಿಯದೆ ಕೂತಿರಲ್ಲ, ಆ ದಿನ ನೀವು ಮಾಡಿದ ಒಳ್ಳೆಯ ಕೆಲಸ ಅದೊಂದೇ. ನಡೆದುಬಿಡೋಣ ಅಂತ ಹೊರಟು ಸೊಂಟದ ತನಕ ಹೂತು, ಅಷ್ಟರಲ್ಲಿ ನೀರು ಏರಲು ಶುರುವಾಗಿ ಒದ್ದಾಡಿದವರನ್ನು ನೋಡಿದ್ದೇನೆ. ಅಕಸ್ಮಾತ್ ಹೂತರೆ ಎದ್ದು ನಿಲ್ಲಲು ಹೋಗಬಾರದು. ಹಿಂದಕ್ಕೆ ಒರಗಿ ಮೈಭಾರ ಹರಡಬೇಕು, ಕಾಲನ್ನು ನಿಧಾನವಾಗಿ ಅಲುಗಿಸಿ ಬಿಡಿಸಬೇಕು.

ಟೇಬಲ್ ತಪ್ಪು ಹೇಳಿಲ್ಲ ಮಾರಾಯರೇ. ಅದು ಹೇಳಿದ್ದು ಬಾಯಿಯಲ್ಲಿರುವ ಬಂದರಿನ ಹೊತ್ತು. ನೀವು ಇದ್ದದ್ದು ಆರು ಕಿಲೋಮೀಟರ್ ಒಳಗೆ. ಉಬ್ಬರ ಅಷ್ಟು ದೂರ ನಡೆದು ಬರಬೇಕಲ್ಲ? ನದಿ ಎಷ್ಟು ಆಳ, ಎಷ್ಟು ಅಂಕುಡೊಂಕು ಅನ್ನುವುದರ ಮೇಲೆ ಅದು ತಡವಾಗುತ್ತದೆ. ನೀವು 5:10ಕ್ಕೆ ನೋಡಿದ ನಿಂತ ಎಲೆ ಇದೆಯಲ್ಲ, ಇಳಿತದ ಜೋರು ಇಲ್ಲ ಅಂತ ಅದು ಹೇಳಲಿಲ್ಲ. ಇಳಿತ ಇನ್ನೂ ಶುರುವೇ ಆಗಿಲ್ಲ ಅಂತ ಹೇಳಿತು. ನಿಮ್ಮ ಕಥೆ ನೋಡಿದರೆ ನಿಮ್ಮ ಜಾಗದಲ್ಲಿ ನೀರು ತಿರುಗಿದ್ದು 5:20ರ ಆಸುಪಾಸು. ಅಂದರೆ ಬಾಯಿಗಿಂತ 40 ನಿಮಿಷ ತಡ. ಇದನ್ನು ಬರೆದಿಟ್ಟುಕೊಳ್ಳಿ. ಒಂದು ರಾಡಿನ ಬೆಲೆಗೆ ಸಿಕ್ಕ ಲೆಕ್ಕ ಇದು.

ಇನ್ನು ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಹಳಬರು ಹನ್ನೆರಡರ ಲೆಕ್ಕ ಹಾಕುತ್ತಾರೆ. ಇಳಿತಕ್ಕೆ ಸುಮಾರು ಆರು ಗಂಟೆ ಅಂತ ಇಟ್ಟುಕೊಳ್ಳಿ. ಮೊದಲ ಗಂಟೆಯಲ್ಲಿ ಹನ್ನೆರಡರಲ್ಲಿ ಒಂದು ಪಾಲು ಇಳಿಯುತ್ತದೆ, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಐದರಲ್ಲಿ ಎರಡು, ಆರರಲ್ಲಿ ಒಂದು. ಏರಿಳಿತದ ಅಂತರ 2.4 ಮೀಟರ್ ಇದ್ದರೆ ಮೊದಲ ಗಂಟೆ 20 ಸೆಂಟಿಮೀಟರ್ ಮಾತ್ರ, ಮೂರನೆಯ ಗಂಟೆ 60. ನೀವು ಹೊರಟದ್ದು 20ರಲ್ಲಿ, ಲಂಗರು ಹಾಕಿ ಕೂತದ್ದು 60ರಲ್ಲಿ. ಅಮಾವಾಸ್ಯೆ ಹತ್ತಿರ ಬೇರೆ, ಅಂತರವೇ ದೊಡ್ಡದು. ಅಳಿವೆಯ ಒಳಗೆ ಈ ಲೆಕ್ಕ ಕರಾರುವಾಕ್ಕಾಗಿ ಕೂರುವುದಿಲ್ಲ, ನದಿಯ ನೀರೂ ಸೇರುವುದರಿಂದ ಇಳಿತ ಸಾಮಾನ್ಯವಾಗಿ ಉದ್ದ. ಆದರೂ ಮಧ್ಯದ ಎರಡು ಗಂಟೆಗೆ ಹೆದರಬೇಕು ಅನ್ನುವುದಂತೂ ನಿಜ.

ನೀಲಿ ಪ್ಲಾಸ್ಟಿಕ್ಕಿನ ಗೂಟಕ್ಕೆ ಬರೋಣ. ನಿಮ್ಮಂಥ ದೋಣಿಯಲ್ಲಿ ಆರಾಮಾಗಿ ಹೋದರೆ ಗಂಟೆಗೆ 4 ಕಿಲೋಮೀಟರ್, ಜೀವ ತೇದರೆ 5 ಚಿಲ್ಲರೆ. ಮೂರು ನಾಟ್ ಹರಿವು ಅಂದರೆ ಗಂಟೆಗೆ ಐದೂವರೆ ಕಿಲೋಮೀಟರ್. ಗೂಟ ಅಲ್ಲೇ ಇತ್ತು ಅಂತ ಬೇಜಾರು ಮಾಡಿಕೊಂಡಿರಿ, ಅದು ನಿಮ್ಮನ್ನು ಬಿಟ್ಟು ಮುಂದೆ ಹೋಗಲಿಲ್ಲವಲ್ಲ!

ಹಾಗಾಗಿ ನನ್ನ ಪದ್ಧತಿ ಇಷ್ಟೇ. ಹೋಗುವಾಗ ನೀರಿಗೆ ಎದುರು, ಬರುವಾಗ ನೀರಿನ ಜೊತೆ. ಮೈಯಲ್ಲಿ ಶಕ್ತಿ ಇರುವಾಗಲೇ ಕಷ್ಟದ ಕೆಲಸ. ಬಾಯಿಯ ಕಡೆಗೇ ಹೋಗಬೇಕಿದ್ದರೆ ಇಳಿತದ ಕೊನೆಯ ಗಂಟೆಯಲ್ಲಿ ಹೋಗಿ ಏರುನೀರಿನ ಜೊತೆ ಬನ್ನಿ. ಆದರೆ ಬಾಯಿಯ ಮರಳದಿಬ್ಬದ ಹತ್ತಿರಕ್ಕೆ ಬೇಡ. ಹೊರಗೆ ಓಡುವ ಇಳಿನೀರು ಒಳಗೆ ಬರುವ ಅಲೆಗೆ ಎದುರಾದರೆ ಅಲೆ ಎದ್ದು ನಿಂತು ಅಲ್ಲೇ ಒಡೆಯುತ್ತದೆ. ನೀವು ಕೇಳಿದ ಸದ್ದು ಅದೇ.

ಇನ್ನೊಂದು ವಿಷಯ ತುಂಬ ಜನ ಗಮನಿಸುವುದಿಲ್ಲ. ಒಂದೇ ಜಾಗದಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಉಬ್ಬರ ಹೆಚ್ಚುಕಡಿಮೆ ಅದೇ ಗಡಿಯಾರದ ಹೊತ್ತಿಗೇ ಬರುತ್ತದೆ. ನಡುವಿನ ದಿನಗಳಲ್ಲಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಿಮ್ಮಲ್ಲಿ ಬಿದಿಗೆಗೆ 4:40 ಇದ್ದರೆ ಅಷ್ಟಮಿಗೆ ಐದು ಗಂಟೆ ಜಾರಿ ಒಂಬತ್ತೂಮುಕ್ಕಾಲರ ಹತ್ತಿರ ಬರಬೇಕು. ಅಂದರೆ ಅಷ್ಟಮಿಯ ನಸುಕಿನಲ್ಲಿ ನಿಮ್ಮ ಅಳಿವೆಯಲ್ಲಿ ನೀರು ಏರುತ್ತಿರುತ್ತದೆ, ಅದೂ ಮೆಲ್ಲಗೆ, ಯಾಕೆಂದರೆ ಅಷ್ಟಮಿಯ ಹೊತ್ತಿಗೆ ಏರಿಳಿತವೇ ಕಡಿಮೆ. ಹೊಸಬರಿಗೆ ಆ ದಿನ ಸರಿ.

ಒದ್ದೆ ಲಂಗೋಟಿ:

ಸರ್ ದೊಡ್ಡದಾಗಿ ಬರೆದಿದ್ದಾರೆ, ನಾನು ಚಿಕ್ಕದಾಗಿ. ಲಂಗರನ್ನು ಪಕ್ಕಕ್ಕೆ ಕಟ್ಟಿದ ಎಲ್ಲರೂ ಒಂದಲ್ಲ ಒಂದು ದಿನ ಮಗುಚುತ್ತಾರೆ. ನಾನು ಎರಡು ಸಲ ಮಗುಚಿದ್ದೇನೆ, ಎರಡನೆಯ ಸಲ ಮೊದಲನೆಯದನ್ನು ಮರೆತಿದ್ದೆ. ನನ್ನ ಅಭಿಪ್ರಾಯ, ಹರಿವು ಇರುವಲ್ಲಿ ಕಯಾಕಿಗೆ ಲಂಗರೇ ಬೇಡ. ಆಳ ಕಡಿಮೆ ಇದ್ದರೆ ಒಂದು ಗಳ ಕೆಸರಿಗೆ ಚುಚ್ಚಿ ಹಿಂದಿನ ತುದಿಯಿಂದ ಕಟ್ಟಿ. ಆಳ ಇದ್ದರೆ ಡ್ರಿಫ್ಟ್ ಚೀಲ (ನೀರಲ್ಲಿ ಕೊಡೆಯ ಹಾಗೆ ಬಿಚ್ಚಿಕೊಳ್ಳುವ ಬಟ್ಟೆಯ ಚೀಲ) ನೀರಿಗೆ ಬಿಟ್ಟು ತೇಲುತ್ತಾ ಹೋಗಿ, ನಿಧಾನ ಆಗುತ್ತದೆ.

ಕೆರೆಯಲ್ಲಿ ಮೂರು ತಿಂಗಳು ಓಡಿಸಿದಿರಿ ಅಂದಿರಿ. ಬೇಕಂತಲೇ ಎಷ್ಟು ಸಲ ಬಿದ್ದಿರಿ? ಬಿದ್ದು ಹತ್ತುವುದನ್ನು ಕಲಿಯದೆ ಕತ್ತಲಲ್ಲಿ ಹೋಗಬೇಡಿ. ಪಕ್ಕದಿಂದ ನೀರಲ್ಲಿ ಮಲಗಿದ ಹಾಗೆ ಕಾಲು ಬಡಿದು, ಹೊಟ್ಟೆಯನ್ನು ದೋಣಿಯ ಮೇಲೆ ಎಳೆದುಕೊಳ್ಳಿ, ಹೊರಳಿ ಕುಂಡೆ ಸೀಟಿಗೆ ತನ್ನಿ, ಕಾಲು ಕೊನೆಗೆ. ಲೈಫ್ ಜಾಕೆಟ್ ಹಾಕಿಕೊಂಡೇ ಅಭ್ಯಾಸ ಮಾಡಿ. ಅದು ಎದೆಗೆ ಸಿಕ್ಕಿಕೊಳ್ಳುತ್ತದೆ, ಬರಿಮೈಯಲ್ಲಿ ಹತ್ತಿದ ಹಾಗಲ್ಲ. ಲೈಫ್ ಜಾಕೆಟ್ ಹಾಕಿದ್ದಿರಿ ತಾನೇ? ಕಥೆಯಲ್ಲಿ ಎಲ್ಲೂ ಬರಲಿಲ್ಲ.

ಇನ್ನೊಂದು. ಮೀಸೆ ಮೀನನ್ನು ಬರಿಗೈಯಲ್ಲಿ ಬಿಡಿಸಿದಿರಾ? ಬೆನ್ನಿನ ಮೇಲೆ ಒಂದು, ಎರಡೂ ಪಕ್ಕ ಒಂದೊಂದು ಮುಳ್ಳು ಇರುತ್ತದೆ. ಗರಗಸದ ಹಾಗೆ ಹಲ್ಲು, ಜೊತೆಗೆ ನಂಜು. ಇಕ್ಕಳ ಬಳಸಿ. ಚುಚ್ಚಿದರೆ ಗಾಯವನ್ನು ಸಹಿಸುವಷ್ಟು ಬಿಸಿ ನೀರಲ್ಲಿ, ಸುಮಾರು 45 ಡಿಗ್ರಿ, ಅದ್ದಿ ಇಟ್ಟುಕೊಂಡರೆ ನೋವು ಇಳಿಯುತ್ತದೆ. ಮುಳ್ಳು ಒಳಗೆ ಮುರಿದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ಹಳೇ ಹುಟ್ಟು:

ಲಂಗೋಟಿಯವರೇ, ಮಿಕ್ಕಿದ್ದೆಲ್ಲ ಸರಿ, ಡ್ರಿಫ್ಟ್ ಚೀಲದ ಮಾತು ಮಾತ್ರ ಒಪ್ಪಲಾರೆ. ಅದು ಗಾಳಿಗೆ ಬ್ರೇಕು, ನೀರಿಗಲ್ಲ. ಗಾಳಿ ದೋಣಿಯನ್ನು ತಳ್ಳುವಾಗ ಚೀಲ ನೀರನ್ನು ಹಿಡಿದುಕೊಂಡು ತಡೆಯುತ್ತದೆ. ನೀರೇ ಓಡುತ್ತಿದ್ದರೆ ಚೀಲವೂ ನೀರಿನ ಜೊತೆಗೇ ಓಡುತ್ತದೆ, ನಿಮ್ಮನ್ನೂ ಎಳೆದುಕೊಂಡು ಹೋಗುತ್ತದೆ. ಆ ದಿನ ಇವರು ಚೀಲ ಬಿಟ್ಟಿದ್ದರೆ ಇನ್ನೂ ಬೇಗ ಬಾಯಿ ಸೇರುತ್ತಿದ್ದರು.

ಲಂಗರು ಬೇಡವೇ ಬೇಡ ಅನ್ನಲ್ಲ. ಮುಂದಿನ ತುದಿಯಿಂದ ಅಥವಾ ಹಿಂದಿನ ತುದಿಯಿಂದ ಮಾತ್ರ, ಪಕ್ಕದಿಂದ ಎಂದಿಗೂ ಇಲ್ಲ. ಕೂತಲ್ಲಿಂದ ತುದಿಗೆ ಕೈ ಎಟುಕುವುದಿಲ್ಲ ಅಲ್ವಾ, ಅದಕ್ಕೆ ದೋಣಿಯ ಪಕ್ಕದುದ್ದಕ್ಕೂ ಎರಡು ಸಣ್ಣ ರಾಟೆ ಹಾಕಿ ಬಾವಿ ಹಗ್ಗದ ಹಾಗೆ ಸುತ್ತು ಹಗ್ಗ ಕಟ್ಟುತ್ತಾರೆ. ಅದರಲ್ಲಿ ಒಂದು ಬಳೆ. ಲಂಗರಿನ ಹಗ್ಗವನ್ನು ಬಳೆಯೊಳಗೆ ತೂರಿಸಿ, ಸುತ್ತು ಹಗ್ಗ ಎಳೆದರೆ ಬಳೆ ತುದಿಗೆ ಓಡುತ್ತದೆ. ಲಂಗರು ಹಗ್ಗದ ಈಚೆ ತುದಿಗೆ ಗಂಟು ಹಾಕಬೇಡಿ, ಕ್ಲೀಟಿಗೆ (ಗಂಟಿಲ್ಲದೆ ಹಗ್ಗ ಹಿಡಿಯುವ ಕೊಕ್ಕೆ) ಸಿಕ್ಕಿಸಿ, ಕೊನೆಯಲ್ಲಿ ಒಂದು ತೇಲುವ ಬುರುಡೆ ಕಟ್ಟಿ. ಅಪಾಯ ಅನ್ನಿಸಿದರೆ ಕ್ಲೀಟಿನಿಂದ ಕಿತ್ತು ಎಲ್ಲ ನೀರಿಗೆ ಬಿಡುವುದು. ನೀರು ನಿಂತ ಮೇಲೆ ಬಂದು ಬುರುಡೆ ಹಿಡಿದು ಎತ್ತಿಕೊಳ್ಳಬಹುದು. ಇಷ್ಟಾದರೂ ಇಳಿತದ ಮಧ್ಯದ ಗಂಟೆಗಳಲ್ಲಿ ನಾನು ಲಂಗರು ಹಾಕುವುದಿಲ್ಲ. ಚಾಕು ಲೈಫ್ ಜಾಕೆಟ್ಟಿನ ಮೇಲೆ ಇರಬೇಕು, ಕಾರಿನಲ್ಲಲ್ಲ.

ಕತ್ತಲಲ್ಲಿ ಹೋದಾಗ ಬೆಳಕಿನ ಮಾತು. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಲ್ಲಿ 25ನೆಯದು ಹುಟ್ಟು ಹಾಕುವ ದೋಣಿಗಳಿಗೂ ಅನ್ವಯಿಸುತ್ತದೆ. ಬೇರೆ ದೀಪ ಇಲ್ಲದಿದ್ದರೆ ಬಿಳಿ ಬೆಳಕಿನ ಟಾರ್ಚಾದರೂ ಕೈಗೆ ಸಿಗುವ ಹಾಗೆ ಇರಬೇಕು, ಎದುರು ದೋಣಿ ಬರುವ ಮೊದಲೇ ತೋರಿಸಬೇಕು. ಮೋಟಾರ್ ದೋಣಿಯವನಿಗೆ ನೀವು ನೀರಿನ ಮೇಲೆ ತೇಲುವ ಒಂದು ಕೊರಡು ಅಷ್ಟೇ.

ಕಾಂಡ್ಲಾ:

ಎಲ್ಲರೂ ಜೀವ ಉಳಿಸುವ ಮಾತಾಡಿದರು. ಮೀನಿನ ಪ್ರಶ್ನೆ ಅನಾಥವಾಗಿದೆ, ಅದನ್ನು ನಾನು ತಗೋತೀನಿ.

ನೀವು ನಿಂತ ಜಾಗ ಒಳ್ಳೆಯದೇ. ತೋಡಿನ ಬಾಯಿ. ನೀರು ತುಂಬಿದ್ದಾಗ ಸಣ್ಣ ಮೀನು, ಸಿಗಡಿ ಎಲ್ಲ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ಹರಡಿಕೊಂಡಿರುತ್ತವೆ. ದೊಡ್ಡ ಮೀನಿಗೂ ಅವನ್ನು ಹುಡುಕುವುದು ಕಷ್ಟ, ನಮಗಂತೂ ಇನ್ನೂ ಕಷ್ಟ. ನೀರು ಇಳಿದಾಗ ಅವಕ್ಕೆ ಬೇರೆ ದಾರಿ ಇಲ್ಲ, ತೋಡಿನ ಮೂಲಕವೇ ಹೊರಗೆ ಬರಬೇಕು. ದೊಡ್ಡದು ಬಾಯಿಯಲ್ಲಿ ಕಾಯುತ್ತದೆ. ಆದರೆ ಎಲ್ಲಿ ಕಾಯುತ್ತದೆ? ಓಟದ ನಡುವೆ ಅಲ್ಲ. ನಿಮ್ಮ ಹಾಗೆ ಮೂರು ನಾಟಿಗೆ ಎದುರಾಗಿ ಈಜುತ್ತಾ ನಿಲ್ಲಲು ಅದಕ್ಕೇನು ಹುಚ್ಚೇ? ಒಂದು ಬೇರು, ಒಂದು ಕಲ್ಲು, ಒಂದು ಗೂಟದ ಹಿಂದೆ ನೀರು ಸುತ್ತಿ ನಿಧಾನವಾಗುವ ಜಾಗ ಇರುತ್ತದೆ. ಅಲ್ಲಿ ಮೂತಿಯನ್ನು ಹರಿವಿಗೆ ಎದುರು ಮಾಡಿ ನಿಂತಿರುತ್ತದೆ. ಎದುರಿನಿಂದ ತೇಲಿ ಬಂದದ್ದನ್ನು ಒಂದು ಹಾರಿಗೆ ಹಿಡಿದು ವಾಪಸ್. ನೀವು ಇಪ್ಪತ್ತು ನಿಮಿಷ ಶಾಪ ಹಾಕಿದ ಆ ನೀಲಿ ಪ್ಲಾಸ್ಟಿಕ್ಕಿನ ಗೂಟದ ಹಿಂದೆ ಒಂದು ಇದ್ದಿರಲೂಬಹುದು.

ಹಾಗಾಗಿ ಎರೆಯನ್ನು ಮೀನಿನ ತಲೆಯ ಮೇಲೆ ಎಸೆಯಬೇಡಿ. ಹರಿವಿನ ಮೇಲುಗಡೆ ಎಸೆದು, ನೀರೇ ಅದನ್ನು ತಂದು ಆ ಜಾಗದ ಅಂಚಿಗೆ ಬಿಡುವ ಹಾಗೆ ಮಾಡಿ. ಸೀಸದ ಗುಂಡು ಆದಷ್ಟು ಚಿಕ್ಕದು. ನೀವು ಹರಿವು ಜೋರು ಅಂತ ದೊಡ್ಡ ಗುಂಡು ಹಾಕಿ ಎರೆಯನ್ನು ತಳಕ್ಕೆ ಕೂರಿಸಿದಿರಿ ಅಂತ ನನ್ನ ಊಹೆ. ತಳದಲ್ಲಿ ಮೂಸಿಕೊಂಡು ತಿನ್ನುವುದು ಮೀಸೆ ಮೀನು. ಸಿಕ್ಕಿದ್ದೂ ಅದೇ.

ಎರಡನೆಯದು ಸದ್ದು. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕು ಪಟ್ಟು ಜಾಸ್ತಿ. ಪ್ಲಾಸ್ಟಿಕ್ ಕಯಾಕ್ ಅಂದರೆ ಒಂದು ದೊಡ್ಡ ಡೋಲು. ಪ್ಯಾಡಲ್ ಅಂಚಿಗೆ ತಗಲುವುದು, ಇಕ್ಕಳ ಬೀಳುವುದು, ಸೀಸದ ಡಬ್ಬಿ ಜಾರುವುದು, ಎಲ್ಲ ಕೆಳಗೆ ಡಂಗುರ. ನಾನು ಕಾಲಿನ ಹತ್ತಿರ ಹಳೇ ಯೋಗ ಮ್ಯಾಟಿನ ತುಂಡು ಅಂಟಿಸಿದ್ದೇನೆ. ನೋಡಲು ಚೆನ್ನಾಗಿಲ್ಲ, ಕೆಲಸ ಮಾಡುತ್ತದೆ. ಜಾಗಕ್ಕೆ ಮೂವತ್ತು ಮೀಟರ್ ಇರುವಾಗಲೇ ಹುಟ್ಟು ನಿಲ್ಲಿಸಿ ತೇಲಿಕೊಂಡು ಹೋಗಿ.

ನಸುಕಿನ ಬಗ್ಗೆ ನನ್ನದು ಸ್ವಲ್ಪ ಬೇರೆ ಮಾತು. ನಾಲ್ಕಕ್ಕೆ ಏಳಬೇಕು, ಕತ್ತಲಲ್ಲೇ ಗಾಳ ಬೀಳಬೇಕು ಅನ್ನುವುದು ನಮ್ಮ ಜನರ ಒಂದು ಹಟ. ಬೆಳಕು ಹರಿಯುವ ಹೊತ್ತು ಒಳ್ಳೆಯದು, ಒಪ್ಪಿದೆ. ಬೆಳಗ್ಗೆ ಗಾಳಿಯೂ ಸುಮ್ಮನಿರುತ್ತದೆ, ನೆಲ ಕಾದ ಮೇಲೆ ಹತ್ತು ಹನ್ನೊಂದಕ್ಕೆ ಸಮುದ್ರದ ಕಡೆಯಿಂದ ಏಳುತ್ತದೆ. ಆ ಗಾಳಿ ಹೊರಗೆ ಓಡುವ ನೀರಿಗೆ ಎದುರಾದರೆ ಚೂಪು ಅಲೆ, ಸಣ್ಣ ದೋಣಿಗೆ ಅದು ಬೇಡ. ಆದರೆ ಗಡಿಯಾರ ಮತ್ತು ನೀರು ಎರಡರಲ್ಲಿ ಒಂದನ್ನೇ ಆರಿಸಬೇಕು ಅಂದರೆ ನಾನು ನೀರನ್ನು ಆರಿಸುತ್ತೇನೆ. ನೀರು ನಿಂತ ನಸುಕಿಗಿಂತ ನೀರು ಓಡುವ ಒಂಬತ್ತು ಗಂಟೆ ಮೇಲು.

ಏಡಿಗಳು ಸನ್ನೆ ಮಾಡಿದ್ದು ನಿಮಗಲ್ಲ, ಹೆಣ್ಣು ಏಡಿಗೆ. ಬೇಜಾರು ಮಾಡಿಕೊಳ್ಳಬೇಡಿ.

ಕೆಸರುಕಾಲು:

ಹಳೇ ಹುಟ್ಟು ಸರ್, ಕಾಂಡ್ಲಾ ಅಕ್ಕ, ಲಂಗೋಟಿ ಗುರುಗಳೇ, ಎಲ್ಲರಿಗೂ ಕೈಮುಗಿದೆ. ಲೈಫ್ ಜಾಕೆಟ್ ಹಾಕಿದ್ದೆ, ಜಿಪ್ ಮಾತ್ರ ಹಾಕಿರಲಿಲ್ಲ. ದೊಡ್ಡ ಗುಂಡು ಹಾಕಿದ್ದು ನಿಜ. ಅಕ್ಕ, ನಿಮಗೆ ಹೇಗೆ ಗೊತ್ತಾಯಿತು?

ಗುರುವಾರ, ಶುಕ್ರವಾರ ಸಂಜೆ ಕೆರೆಗೆ ಹೋಗಿ ಬಿದ್ದೆ. ಮೊದಲ ದಿನ ಒಂಬತ್ತು ಸಲ ಬಿದ್ದು ನಾಲ್ಕು ಸಲ ಹತ್ತಿದೆ. ಉಳಿದ ಐದು ಸಲ ದೋಣಿಯೇ ನನ್ನ ಮೇಲೆ ಹತ್ತಿತು. ಎರಡನೆಯ ದಿನ ಏಳಕ್ಕೆ ಏಳೂ ಆಯಿತು. ಕಾಲು ಮೊದಲು ಮೇಲೆ ಹಾಕಲು ಹೋಗುತ್ತಿದ್ದೆ, ಅದೇ ತಪ್ಪು. ಹೊಟ್ಟೆ ಮೊದಲು.

ಶನಿವಾರ ಅಷ್ಟಮಿ. ಟೇಬಲ್ ನೋಡಿದರೆ ಬಾಯಿಯಲ್ಲಿ ಉಬ್ಬರ 9:50ಕ್ಕೆ! ಸರ್ ಬೆರಳೆಣಿಸಿ ಹೇಳಿದ್ದಕ್ಕೂ ಅದಕ್ಕೂ ಐದೇ ನಿಮಿಷ ವ್ಯತ್ಯಾಸ. 5:30ಕ್ಕೆ ಅದೇ ಜಾಗಕ್ಕೆ ಹೋದೆ. ಈ ಸಲ ದೋಣಿ ಇಳಿಸುವ ಮೊದಲು ನೀರಂಚಿಗೆ ಒಂದು ಕಡ್ಡಿ ಚುಚ್ಚಿ ಹತ್ತು ನಿಮಿಷ ಕಾದೆ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ತಲೆ. ಕಡ್ಡಿಯ ಬುಡ ಒದ್ದೆಯಾಯಿತು, ಆಮೇಲೆ ಎರಡು ಬೆರಳು ಮುಳುಗಿತು. ಏರುತ್ತಿದೆ. ಮನೆಯಲ್ಲಿ ಹತ್ತೂವರೆಗೆ ಫೋನ್ ಬರದಿದ್ದರೆ ಏನು ಮಾಡಬೇಕು ಅಂತ ಬರೆದಿಟ್ಟು ಬಂದಿದ್ದೆ. ಚಾಕು ಎದೆಯ ಮೇಲೆ, ಟಾರ್ಚ್ ಕೊರಳಲ್ಲಿ, ಎರಡು ಲೀಟರ್ ನೀರು, ಟೋಪಿ. ಹೆಂಡತಿ ನೋಡಿ, ಮೀನು ಹಿಡಿಯಲು ಹೋಗುತ್ತೀರೋ ಯುದ್ಧಕ್ಕೋ ಅಂದಳು.

ಬಾಯಿಯ ಕಡೆಗೆ, ನೀರಿಗೆ ಎದುರಾಗಿ, ದಡ ಹಿಡಿದೇ ಹೋದೆ. ತಿರುವಿನ ಒಳಮಗ್ಗುಲಲ್ಲಿ ಹರಿವು ಇಲ್ಲವೇ ಇಲ್ಲ ಅನ್ನುವಷ್ಟು. ಒಂದು ಕಿಲೋಮೀಟರ್ ಹೋಗಲು ಇಪ್ಪತ್ತು ನಿಮಿಷ. ಕಳೆದ ವಾರ ಅದೇ ದೂರ ಹಾರಿಕೊಂಡು ಹೋಗಿದ್ದೆ ಅನ್ನುವುದು ನೆನಪಾಗಿ ಮೈ ಜುಮ್ಮೆಂದಿತು. ಲಂಗರು ತಗೊಂಡೇ ಹೋಗಿರಲಿಲ್ಲ. ಬಿದ್ದ ಮರದ ಒಂದು ಕೊಂಬೆಗೆ ಹಿಂದಿನ ತುದಿಯಿಂದ ಹಗ್ಗ ಸುತ್ತಿ ಕೈಯಲ್ಲೇ ಹಿಡಿದುಕೊಂಡೆ.

ಎದುರಿಗೆ ಕಾಂಡ್ಲಾ ಬೇರು. ಬೇರಿನ ಹಿಂದೆ ನೊರೆ ಒಂದು ತಟ್ಟೆಯಷ್ಟು ಅಗಲಕ್ಕೆ ನಿಧಾನವಾಗಿ ಸುತ್ತುತ್ತಿತ್ತು. ಅಕ್ಕ ಹೇಳಿದ ಜಾಗ ಇದೇ ಇರಬೇಕು ಅಂತ ಮೇಲುಗಡೆ ಎಸೆದೆ. ಗುಂಡೇ ಇಲ್ಲ, ಬರೀ ಸಿಗಡಿ. ಎರಡು ಸಲ ಸುಮ್ನೆ ಹಾದು ಹೋಯಿತು. ಮೂರನೆಯ ಸಲ ನೊರೆಯ ಅಂಚಿಗೆ ಬಂತು. ದಾರ ನಿಂತಿತು. ಎಳೆತ ಇಲ್ಲ, ಕುಕ್ಕು ಇಲ್ಲ, ಸುಮ್ನೆ ನಿಂತಿತು. ಕಸ ಸಿಕ್ಕಿತು ಅಂತ ರಾಡ್ ಎತ್ತಿದೆ.

ರೀಲ್ ಕಿರುಚಿತು. ದೋಣಿಯ ಮೂತಿಯೇ ತಿರುಗಿಬಿಟ್ಟಿತು. ಕೊಂಬೆಯ ಹಗ್ಗ ಯಾವಾಗ ಕೈಬಿಟ್ಟೆನೋ ಗೊತ್ತಿಲ್ಲ. ಒಂದು ಸಲ ಮೇಲೆ ಬಂದು ಮಗ್ಗುಲು ತೋರಿಸಿತು, ಕೆಂಪು ಕಂದು ಬಣ್ಣ, ನನ್ನ ಮೊಳಕ್ಕಿಂತ ಉದ್ದ. ಆಮೇಲೆ ನೇರ ಬೇರಿನೊಳಗೆ. ದಾರದಲ್ಲಿ ಕರ ಕರ ಅಂತ ಉಜ್ಜುವುದು ಬೆರಳಿಗೆ ಗೊತ್ತಾಗುತ್ತಿತ್ತು. ಮೂರು ಸೆಕೆಂಡ್ ಇರಬಹುದು. ಟಪ್.

ದಾರ ಎಳೆದು ನೋಡಿದೆ. ಕೊನೆಯ ಒಂದು ಗೇಣು ಮರಳು ಕಾಗದ ಉಜ್ಜಿದ ಹಾಗೆ ಒರಟು. ಬೇರಿಗೆ ಅಂಟಿದ ಚಿಪ್ಪಿನ ಕೆಲಸ ಇರಬೇಕು. ಆಮೇಲೆ ಎರಡು ಸಣ್ಣವು ಸಿಕ್ಕವು, ಬಿಟ್ಟೆ. ಎಂಟೂವರೆಗೆ ತಿರುಗಿದೆ, ನೀರು ತಾನೇ ತಂದು ಬಿಟ್ಟಿತು. ಚುಚ್ಚಿದ ಕಡ್ಡಿ ಪೂರ್ತಿ ಮುಳುಗಿತ್ತು.

ಅಕ್ಕ, ಅಂಥ ಜಾಗಕ್ಕೆ ಕೊನೆಯ ದಾರ ಎಷ್ಟು ದಪ್ಪ ಇರಬೇಕು? ನನ್ನದು 15 ಪೌಂಡಿನದು, ಅಂದರೆ ಅಷ್ಟು ಎಳೆತ ತಡೆಯುವಂಥದ್ದು.

ಕಾಂಡ್ಲಾ:

15 ಕೆರೆಗೆ ಸರಿ. ಬೇರಿನ ಜಾಗಕ್ಕೆ ನಾನು 40 ಪೌಂಡಿನ ಫ್ಲೋರೋಕಾರ್ಬನ್ ದಾರ ಕಟ್ಟುತ್ತೇನೆ, ಎರಡು ಮೀಟರ್. ಅದರ ಹಿಂದೆ ರೀಲಿನಿಂದ ಬರುವ ಹೆಣೆದ ದಾರ 20 ಇದ್ದರೆ ಸಾಕು. ಡ್ರ್ಯಾಗ್, ಅಂದರೆ ರೀಲಿನ ಬ್ರೇಕು, ಸಾಮಾನ್ಯವಾಗಿ ದಾರದ ಬಲದ ಮೂರನೇ ಒಂದು ಪಾಲು ಅಂತ ಲೆಕ್ಕ, ಆದರೆ ಬೇರಿನ ಹತ್ತಿರ ಇನ್ನೂ ಬಿಗಿ ಮಾಡಿ. ಕೆಂಪು ಮೀನಿಗೆ ಮೊದಲ ಎರಡು ಮೀಟರ್ ಬಿಟ್ಟುಕೊಡಬಾರದು, ಕೊಟ್ಟರೆ ಅದು ಮನೆ ಸೇರಿತು ಅಂತಲೇ. ಎಳೆತ ಶುರುವಾದ ಕೂಡಲೇ ಒಂದು ಕೈಯಲ್ಲಿ ಹಿಂದಕ್ಕೆ ಹುಟ್ಟು ಹಾಕಲು ಬಂದರೆ ಇನ್ನೂ ಒಳ್ಳೆಯದು. ದೋಣಿ ಬೇರಿಂದ ದೂರ ಸರಿದರೆ ಮೀನೂ ಸರಿಯುತ್ತದೆ.

ಅದು ಅಲ್ಲೇ ಇರುತ್ತದೆ, ಸಾಮಾನ್ಯವಾಗಿ ಜಾಗ ಬಿಟ್ಟು ಹೋಗುವುದಿಲ್ಲ. ಆ ಬಿದ್ದ ಮರ ಯಾವ ದಡದಲ್ಲಿದೆ?

ಒದ್ದೆ ಲಂಗೋಟಿ:

ಹೇಳಬೇಡಿ! ಇಲ್ಲಿ ಎಲ್ಲರೂ ಓದುತ್ತಾರೆ.

ಕೆಸರುಕಾಲು:

ಅಕ್ಕ, ಬೇರೆಯಾಗಿ ಮೆಸೇಜ್ ಮಾಡಿದ್ದೇನೆ. ಹೋದರೆ ಹೇಳಿ, ನನ್ನ ಚಪ್ಪಲಿಯೂ ಆ ಕಡೆಯೇ ಎಲ್ಲೋ ಇದೆ. ಎಡಗಾಲಿನದು.